ವಾಲ್ಟ್ ಡ್ರೈವ್

ಅನೇಕ ಡಿಸ್ಕ್‌ಗಳನ್ನು ಒಂದುಗೂಡಿಸಿ ಸರ್ವರ್‌ಗಳಿಗೆ ಸಂಗ್ರಹಣೆಯನ್ನು ಒದಗಿಸುವ ಯಂತ್ರಕ್ಕೆ ಸ್ಟೋರೇಜ್ ಅರೇ ಎಂದು ಹೆಸರು. ಇಂತಹ ಯಂತ್ರವು ತನ್ನ ಸ್ವಂತ ಕಾರ್ಯಾಚರಣೆಗಾಗಿ ಜಾಗವನ್ನು ಕಾದಿರಿಸಿಕೊಳ್ಳುವ ಮೊದಲ ಕೆಲವು ಡಿಸ್ಕ್‌ಗಳನ್ನು '''ವಾಲ್ಟ್ ಡ್ರೈವ್''' ಎಂದು ಕರೆಯಲಾಗುತ್ತದೆ. ಇಎಂಸಿ ಸಂಸ್ಥೆಯ ಕ್ಲಾರಿಯನ್ ಮತ್ತು ವಿಎನ್‌ಎಕ್ಸ್ ಶ್ರೇಣಿಗಳಲ್ಲಿ ಈ ಹೆಸರು ಬಳಕೆಯಲ್ಲಿತ್ತು. ಕ್ಲಾರಿಯನ್ ಮೂಲತಃ ಡೇಟಾ ಜನರಲ್ ಸಂಸ್ಥೆಯದು. 1999ರಲ್ಲಿ ಆ ಸಂಸ್ಥೆಯನ್ನು ಇಎಂಸಿ ಕೊಂಡುಕೊಂಡಿತು; ಕ್ಲಾರಿಯನ್‌ನ ಉತ್ತರಾಧಿಕಾರಿಯಾಗಿ ವಿಎನ್‌ಎಕ್ಸ್ 2011ರಲ್ಲಿ ಬಂದಿತು.

== ಕಾರ್ಯ ==

ಕ್ಲಾರಿಯನ್‌ನಲ್ಲಿ ಮೊದಲ ಐದು, ವಿಎನ್‌ಎಕ್ಸ್‌ನಲ್ಲಿ ಮೊದಲ ನಾಲ್ಕು ಡಿಸ್ಕ್‌ಗಳು ವಾಲ್ಟ್ ಡ್ರೈವ್‌ಗಳಾಗಿವೆ. ಅರೇಯ ಕಾರ್ಯಾಚರಣಾ ತಂತ್ರಾಂಶ ಮತ್ತು ಸಂರಚನೆಯ ಮಾಹಿತಿ ಇವುಗಳಲ್ಲಿ ನೆಲೆಸಿರುತ್ತವೆ. ವಾಲ್ಟ್ ಎಂಬ ಹೆಸರಿಗೆ ಕಾರಣವಾದುದು ಮತ್ತೊಂದು ಕೆಲಸ. ಸರ್ವರ್ ಬರೆಯಲು ಕಳುಹಿಸಿದ ದತ್ತಾಂಶವನ್ನು ಅರೇಯು ಮೊದಲು ತನ್ನ ಮೆಮೊರಿಯಲ್ಲಿ, ಅಂದರೆ ರೈಟ್ ಕ್ಯಾಶ್‌ನಲ್ಲಿ ಇರಿಸಿಕೊಂಡು, "ಬರೆದಾಯಿತು" ಎಂದು ಉತ್ತರಿಸಿಬಿಡುತ್ತದೆ. ಅಷ್ಟರಲ್ಲಿ ವಿದ್ಯುತ್ ಹೋದರೆ ಡಿಸ್ಕ್‌ಗೆ ಇನ್ನೂ ತಲುಪದ ದತ್ತಾಂಶವು ಅಳಿಸಿಹೋಗಬಹುದು. ಆದ್ದರಿಂದ ಬ್ಯಾಟರಿಯ ಬಲದಲ್ಲಿ ಉಳಿದ ಅಲ್ಪ ಸಮಯದೊಳಗೆ ಕ್ಯಾಶ್‌ನಲ್ಲಿರುವುದೆಲ್ಲವನ್ನೂ ವಾಲ್ಟ್ ಭಾಗಕ್ಕೆ ಸುರಿಯಲಾಗುತ್ತದೆ. ವಿದ್ಯುತ್ ಮರಳಿದಾಗ ಅದನ್ನು ಅಲ್ಲಿಂದಲೇ ಓದಿಕೊಳ್ಳಲಾಗುತ್ತದೆ.

== ಬಳಕೆದಾರರ ದತ್ತಾಂಶಕ್ಕೆ ಬಳಕೆ ==

ಕಾದಿರಿಸಿದ ಭಾಗವನ್ನು ಬಿಟ್ಟು ಉಳಿದ ಜಾಗವನ್ನು ದತ್ತಾಂಶಕ್ಕೆ ಬಳಸಲು ಅವಕಾಶವಿದೆ. ವಿಎನ್‌ಎಕ್ಸ್‌ನಲ್ಲಿ ಪ್ರತಿ ವಾಲ್ಟ್ ಡ್ರೈವ್‌ನಿಂದ ಸುಮಾರು 192 ಜಿಬಿ ಕಾದಿರಿಸಲ್ಪಡುತ್ತದೆ. 600 ಜಿಬಿ ಎಂದು ಮಾರಾಟವಾಗುವ ಡಿಸ್ಕ್‌ನಲ್ಲಿ ವಾಸ್ತವವಾಗಿ ದೊರೆಯುವುದು ಸುಮಾರು 537 ಜಿಬಿ. ಅದರಲ್ಲಿ ಬಳಕೆದಾರರಿಗೆ ಉಳಿಯುವುದು ಸುಮಾರು 345 ಜಿಬಿ. ಇಂತಹ ನಾಲ್ಕು ಡಿಸ್ಕ್‌ಗಳನ್ನು ಸೇರಿಸಿ ರೇಡ್ 5 ಗುಂಪು ರಚಿಸಿದರೆ ಒಂದು ಡಿಸ್ಕ್‌ನಷ್ಟು ಜಾಗ ಪ್ಯಾರಿಟಿಗೆ ಹೋಗಿ, ಸುಮಾರು 1,035 ಜಿಬಿ ಕೈಗೆ ಸಿಗುತ್ತದೆ. ಸಣ್ಣ ಅರೇಗಳಲ್ಲಿ ಇದು ಕಡೆಗಣಿಸುವಂತಹ ಪ್ರಮಾಣವಲ್ಲ.

ಆದರೆ ಕೆಲವು ನಿರ್ಬಂಧಗಳಿವೆ. ವಾಲ್ಟ್ ಡ್ರೈವ್‌ಗಳನ್ನು ವಿಎನ್‌ಎಕ್ಸ್‌ನ ಪೂಲ್‌ಗಳಿಗೆ ಸೇರಿಸಲಾಗದು, ಹಾಟ್ ಸ್ಪೇರ್ ಆಗಿಯೂ ಬಳಸಲಾಗದು. ಸಾಂಪ್ರದಾಯಿಕ ರೇಡ್ ಗುಂಪು ಮಾತ್ರ ಸಾಧ್ಯ. ಆ ಗುಂಪಿಗೆ ಸಾಮಾನ್ಯ ಡಿಸ್ಕ್ ಒಂದನ್ನು ಬೆರೆಸುವುದೂ ಲಾಭದಾಯಕವಲ್ಲ. ಗುಂಪಿನ ಅತಿ ಚಿಕ್ಕ ಸದಸ್ಯನ ಅಳತೆಗೇ ಎಲ್ಲ ಸದಸ್ಯರೂ ಇಳಿಯುವುದರಿಂದ, ಅದರಲ್ಲಿಯೂ 192 ಜಿಬಿ ವ್ಯರ್ಥವಾಗುತ್ತದೆ.

ಜಾಗಕ್ಕಿಂತ ಹೆಚ್ಚು ಯೋಚಿಸಬೇಕಾದುದು ಒತ್ತಡದ ಬಗ್ಗೆ. ಜಾಗವನ್ನು ವಿಭಜಿಸಿದರೂ ಡಿಸ್ಕ್‌ನ ಓದು-ಬರಹದ ಸಾಮರ್ಥ್ಯವನ್ನು ವಿಭಜಿಸಿದಂತಾಗುವುದಿಲ್ಲ; ತಿರುಗುವ ಡಿಸ್ಕ್‌ನಲ್ಲಿ ಬಳಕೆದಾರರ ದತ್ತಾಂಶಕ್ಕೂ ವ್ಯವಸ್ಥೆಯ ಕಡತಗಳಿಗೂ ಓಡಾಡುವುದು ಅದೇ ಹೆಡ್. ನಿರಂತರ ಬರಹವಿರುವ ಡೇಟಾಬೇಸ್ ಅನ್ನು ಇಲ್ಲಿ ಇಟ್ಟರೆ ಅರೇಯ ಆಂತರಿಕ ಕೆಲಸಗಳೂ ನಿರ್ವಹಣಾ ತಂತ್ರಾಂಶವೂ ನಿಧಾನವಾಗಬಹುದು, ಅದರ ಪರಿಣಾಮ ಬೇರೆ ಡಿಸ್ಕ್‌ಗಳ ಬಳಕೆದಾರರಿಗೂ ತಟ್ಟಬಹುದು. ಅಪರೂಪಕ್ಕೆ ತೆರೆಯುವ ಕಡತಗಳು, ಅನುಸ್ಥಾಪನಾ ಚಿತ್ರಿಕೆಗಳು, ಪರೀಕ್ಷಾರ್ಥ ಯಂತ್ರಗಳು ಇಲ್ಲಿಗೆ ಸೂಕ್ತ.

== ಡಿಸ್ಕ್ ಕೆಟ್ಟಾಗ ==

ವಾಲ್ಟ್ ಡ್ರೈವ್ ಕೆಟ್ಟರೆ ಹಾಟ್ ಸ್ಪೇರ್ ಅದರ ಬಳಕೆದಾರರ ಭಾಗವನ್ನು ಮಾತ್ರ ವಹಿಸಿಕೊಳ್ಳುತ್ತದೆ. ವ್ಯವಸ್ಥೆಯ ಭಾಗವು ಅದೇ ಸ್ಥಾನದಲ್ಲಿ ಹೊಸ ಡಿಸ್ಕ್ ಅಳವಡಿಸಿದ ಬಳಿಕವೇ ಮರುನಿರ್ಮಾಣಗೊಳ್ಳುತ್ತದೆ. ಈ ಡಿಸ್ಕ್‌ಗಳನ್ನು ತೆಗೆದು ಬೇರೆ ಸ್ಥಾನಕ್ಕೆ ಬದಲಾಯಿಸುವಂತಿಲ್ಲ. ಕ್ಲಾರಿಯನ್‌ನ ಪೂರ್ವನಿಯೋಜಿತ ಸಂರಚನೆಯಲ್ಲಿ ಒಂದು ವಾಲ್ಟ್ ಡ್ರೈವ್ ಕೆಟ್ಟರೂ ರೈಟ್ ಕ್ಯಾಶ್ ಸ್ಥಗಿತಗೊಳ್ಳುತ್ತಿತ್ತು. ಇಡೀ ಅರೇಯ ಬರಹವು ನಿಧಾನವಾದರೂ ದತ್ತಾಂಶ ಸುರಕ್ಷಿತವಾಗಿರಲಿ ಎಂಬುದು ಇದರ ಉದ್ದೇಶ.

2016ರಲ್ಲಿ ಬಂದ ಯೂನಿಟಿ ಶ್ರೇಣಿಯಲ್ಲಿ ಕ್ಯಾಶ್‌ನ ದತ್ತಾಂಶವು ಪ್ರೊಸೆಸರ್ ಘಟಕದೊಳಗಿನ ಎಂ.2 ಸಾಧನಕ್ಕೆ ಇಳಿಯುತ್ತದೆ. ಅಲ್ಲಿಯೂ ಮೊದಲ ನಾಲ್ಕು ಡಿಸ್ಕ್‌ಗಳು ವ್ಯವಸ್ಥೆಯವೇ ಆಗಿದ್ದರೂ ಅವುಗಳನ್ನು ಪೂಲ್‌ಗೆ ಸೇರಿಸಬಹುದು.