ಸ್ವಾನುಭವವೂ ಕಥೆಗಾರಿಕೆಯೂ

ಕಥೆ ಬರೆಯಬೇಕೆಂಬ ಹಂಬಲ ಒಮ್ಮೆಯಾದರೂ ಮೂಡದ ವಿದ್ಯಾರ್ಥಿ ನಮ್ಮಲ್ಲಿ ವಿರಳವೆಂದೇ ಹೇಳಬೇಕು. ಅಂಥ ಹಂಬಲ ಹುಟ್ಟಿದೊಡನೆ ಮೊದಲು ಕೈಗೆ ಸಿಕ್ಕುವ ವಸ್ತು ನಮ್ಮ ಬಾಳೇ: ನಮ್ಮ ಮನೆ, ನಮ್ಮ ತಾಯಿತಂದೆ, ನಾವು ಕಂಡ ಕಷ್ಟ. ನಡೆದದ್ದನ್ನು ನಡೆದಂತೆ ಬರೆದರಾಯಿತು, ಅದರಲ್ಲೇನು ಪ್ರಯಾಸ ಎಂದು ನಾನೂ ಭಾವಿಸಿದ್ದೆ. ಆ ಭಾವನೆ ಎಷ್ಟು ತಪ್ಪಾಗಿತ್ತೆಂಬುದನ್ನೂ, ಅದನ್ನು ತಿದ್ದಿಕೊಳ್ಳುವಾಗ ನಮ್ಮ ಲೇಖಕರಿಂದ ಕಲಿತದ್ದನ್ನೂ ಸಹಪಾಠಿಗಳ ಮುಂದಿಡುವುದು ಈ ಲೇಖನದ ಉದ್ದೇಶ.

ನಾನು ಬಿ.ಎ. ಮೊದಲ ವರ್ಷಕ್ಕೆ ಸೇರಿದಾಗ ಊಟ ವಸತಿಯ ಖರ್ಚಿಗೆಂದು ನಮ್ಮ ತಂದೆಯವರು ಉಳುವ ಜೋಡೆತ್ತುಗಳನ್ನು ಸಂತೆಯಲ್ಲಿ ಮಾರಿದರು. ಕಳೆದ ವರ್ಷ ಅದನ್ನೇ ಕಥೆಯಾಗಿ ಬರೆದು ಕನ್ನಡ ಸಂಘದ ಸಭೆಯಲ್ಲಿ ಓದಿದೆ. ನನ್ನ ಕಥೆಯಲ್ಲಿ ತಂದೆ ಎತ್ತುಗಳ ಕೊರಳನ್ನು ತಬ್ಬಿಕೊಂಡು ಬಿಕ್ಕಿ ಬಿಕ್ಕಿ ಅಳುತ್ತಾನೆ. ಎತ್ತುಗಳ ಕಣ್ಣಿನಲ್ಲೂ ನೀರು ಹರಿಯುತ್ತದೆ. ಮಗ ಓದಿ ದೊಡ್ಡವನಾಗುವೆನೆಂದು ಪ್ರತಿಜ್ಞೆ ಮಾಡುತ್ತಾನೆ. ಸಭೆ ಚಪ್ಪಾಳೆ ತಟ್ಟಿತು. ಹಿಗ್ಗಿನಿಂದ ಊರಿಗೆ ಹೋಗಿ, ಓದುಬರಹ ತಿಳಿಯದ ತಂದೆಯವರಿಗೂ ಅದನ್ನು ಓದಿ ಹೇಳಿದೆ. ಅವರು ಕೊನೆಯವರೆಗೂ ಕೇಳಿ, "ನಾನೆಲ್ಲಿ ಅತ್ತೆ ಕಣ್ಲಾ? ಇವನ್ಯಾರೋ ಬ್ಯಾರೆಯೋನು" ಎಂದರು.

ಅವರು ಹೇಳಿದ್ದು ನಿಜ. ಸಂತೆಗೆ ನಾನೂ ಹೋಗಿದ್ದೆ. ಹಣ ಎಣಿಸಿಕೊಂಡ ಮೇಲೆ ಅವರು ಎತ್ತುಗಳ ಕೊರಳಿನ ಹಗ್ಗಗಳನ್ನು ಬಿಚ್ಚಿ, ಸುರುಳಿ ಸುತ್ತಿ, ಹೆಗಲಿಗೆ ಹಾಕಿಕೊಂಡರು. ಬಸ್ಸಿನಲ್ಲಿ ಅವನ್ನು ತೊಡೆಯ ಮೇಲೆ ಇಟ್ಟುಕೊಂಡೇ ಕುಳಿತಿದ್ದರು. ಇಂದಿಗೂ ಆ ಹಗ್ಗಗಳು ಖಾಲಿ ಕೊಟ್ಟಿಗೆಯ ಗೂಟದಲ್ಲಿ ತೂಗುತ್ತಿವೆ. ಇಷ್ಟನ್ನೂ ಕಣ್ಣಾರೆ ಕಂಡಿದ್ದ ನಾನು ಕಥೆಯಲ್ಲಿ ಇದರ ಒಂದು ಮಾತನ್ನೂ ಬರೆದಿರಲಿಲ್ಲ. ಸಂತೆಯಲ್ಲಿ ಕಂಡದ್ದನ್ನು ಬಿಟ್ಟು ಸಿನಿಮಾಗಳಲ್ಲಿ ಕಂಡದ್ದನ್ನು ಬರೆದಿದ್ದೆ.

ಇದರಿಂದ ನಾನು ಕಲಿತ ಮೊದಲ ಪಾಠವೆಂದರೆ, ಭಾವವನ್ನು ಹೆಸರಿಸಿದ ಮಾತ್ರಕ್ಕೆ ಅದು ಓದುಗನಲ್ಲಿ ಹುಟ್ಟುವುದಿಲ್ಲ ಎಂಬುದು. ನಮ್ಮ ಪಠ್ಯದಲ್ಲಿ ಬರುವ ಕಾವ್ಯಮೀಮಾಂಸೆಯೂ ಇದನ್ನೇ ಹೇಳುತ್ತದೆ. 9ನೆಯ ಶತಮಾನದ ಆನಂದವರ್ಧನನ ಮತದಂತೆ ರಸವು ಅದರ ಹೆಸರನ್ನು ಹೇಳುವುದರಿಂದ ಸಿದ್ಧಿಸದು. ವಿಭಾವ ಅನುಭಾವಗಳ ಮೂಲಕ ಧ್ವನಿಸಬೇಕು. ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದ ಈ ಮಾತು ನನಗೆ ಅರ್ಥವಾದದ್ದು ಹಗ್ಗದ ಸುರುಳಿ ನೆನಪಾದಾಗಲೇ. ಡಾ. ಸಿದ್ಧಲಿಂಗಯ್ಯನವರ ಆತ್ಮಕಥನ 'ಊರುಕೇರಿ'ಯ ಆರಂಭವನ್ನು ನೋಡಿರಿ. ಹೊಲದಲ್ಲಿ ಎತ್ತುಗಳಿರಬೇಕಾದ ಜಾಗದಲ್ಲಿ ಇಬ್ಬರು ಮನುಷ್ಯರು ನೊಗಕ್ಕೆ ಹೆಗಲು ಕೊಟ್ಟಿದ್ದಾರೆ. ಅವರಲ್ಲಿ ಒಬ್ಬರು ಆ ಬಾಲಕನ ತಂದೆ. ಲೇಖಕರು ಇಲ್ಲಿ ದೀರ್ಘ ವಿಲಾಪಕ್ಕೆ ತೊಡಗುವುದಿಲ್ಲ. ಆ ನೋಟವೊಂದೇ ಓದುಗನ ಎದೆಯಲ್ಲಿ ನಿಲ್ಲುತ್ತದೆ.

ಎರಡನೆಯ ಪಾಠ, ಕಥೆಗೂ ಆತ್ಮಕಥೆಗೂ ಇರುವ ಭೇದವನ್ನು ಕುರಿತದ್ದು. ಎರಡಕ್ಕೂ ಮೂಲದ್ರವ್ಯ ಒಂದೇ ಆಗಿರಬಹುದು. ಆದರೆ ಓದುಗನೊಡನೆ ಮಾಡಿಕೊಂಡ ಒಪ್ಪಂದ ಬೇರೆ. ಆತ್ಮಕಥೆಯನ್ನು ಓದುವವನು 'ಇದು ನಡೆಯಿತೆ?' ಎಂದು ಕೇಳುತ್ತಾನೆ. ಕಥೆಯನ್ನು ಓದುವವನು 'ಇಂಥವರ ಬಾಳಿನಲ್ಲಿ ಇದು ಹೀಗೆ ನಡೆದೀತೆ?' ಎಂದು ಕೇಳುತ್ತಾನೆ. ಇದಕ್ಕೆ ಒಳ್ಳೆಯ ನಿದರ್ಶನ ಎಸ್. ಎಲ್. ಭೈರಪ್ಪನವರದು. ಅವರು ಬಾಲ್ಯದಲ್ಲಿಯೇ ಪ್ಲೇಗಿನಿಂದ ಒಡಹುಟ್ಟಿದವರನ್ನೂ ತಾಯಿಯನ್ನೂ ಕಳೆದುಕೊಂಡವರು. ಆ ಬಾಳಿನ ನೆರಳಿನಲ್ಲಿ 1970ರಲ್ಲಿ 'ಗೃಹಭಂಗ' ಕಾದಂಬರಿ ಬಂದಿತು. ಆತ್ಮಕಥೆ 'ಭಿತ್ತಿ' ಬಂದದ್ದು 1996ರಲ್ಲಿ. ನಡುವೆ 26 ವರ್ಷಗಳ ಅಂತರ.

'ಗೃಹಭಂಗ'ದಲ್ಲಿ 'ನಾನು' ಎಂಬ ನಿರೂಪಕನಿಲ್ಲ. ಬದುಕಿ ಉಳಿಯುವ ಹುಡುಗ ವಿಶ್ವ ಅಲ್ಲಿ ಒಂದು ಪಾತ್ರ ಮಾತ್ರ. ಕೇಂದ್ರದಲ್ಲಿರುವವಳು ತಾಯಿ ನಂಜಮ್ಮ. ಆಕೆ ಕೈಲಾಗದ ಗಂಡನ ಶಾನುಭೋಗಿಕೆಯ ಲೆಕ್ಕಪತ್ರ ಬರೆಯುತ್ತಾಳೆ, ಮುತ್ತುಗದ ಎಲೆ ಹಚ್ಚಿ ಸಂಸಾರ ಸಾಗಿಸುತ್ತಾಳೆ. ಆಕೆಯ ದುಃಖವನ್ನು ನಾವು ಆಕೆಯ ದುಡಿಮೆಯ ಮೂಲಕವೇ ಅರಿಯುತ್ತೇವೆ. ಕಾದಂಬರಿಕಾರ ತನ್ನ ಕಣ್ಣೀರನ್ನು ಬದಿಗಿಟ್ಟು ಇನ್ನೊಬ್ಬರಿಗೆ ಜಾಗ ಬಿಟ್ಟುಕೊಟ್ಟಿದ್ದರಿಂದಲೇ ಇದು ಸಾಧ್ಯವಾಯಿತೆಂದು ನನಗೆ ತೋರುತ್ತದೆ. 'ಭಿತ್ತಿ'ಯಲ್ಲಾದರೋ 'ನಾನು' ಎನ್ನುವವನೇ ಸಾಕ್ಷಿ. ಸಾಕ್ಷಿಯಾದವನು ತನಗೆ ಬೇಕಾದಂತೆ ಘಟನೆಯನ್ನು ತಿದ್ದುವಂತಿಲ್ಲ.

ಹಾಗಾದರೆ ಕಥೆಯಲ್ಲಿ ಏನನ್ನಾದರೂ ಕಲ್ಪಿಸಬಹುದೆ? ಕಲ್ಪಿಸಬಹುದು, ಆದರೆ ಔಚಿತ್ಯದ ಕಟ್ಟುಂಟು. ಕ್ಷೇಮೇಂದ್ರನು ಔಚಿತ್ಯವನ್ನು ಕಾವ್ಯದ ಜೀವಿತವೆಂದೇ ಕರೆದನು. ನನ್ನ ಕಥೆಯ ತಂದೆ ಅತ್ತದ್ದು ತಪ್ಪಲ್ಲ. ಹಗ್ಗವನ್ನು ಜೋಪಾನವಾಗಿ ಸುತ್ತಿಕೊಳ್ಳುವಂಥ ಮನುಷ್ಯ ಸಂತೆಯ ನಡುವೆ ಹಾಗೆ ಅಳುವವನಲ್ಲ; ಅದನ್ನು ನಾನು ಅರಿಯದಿದ್ದುದು ತಪ್ಪು.

ಮೂರನೆಯದು ಬರೆಯುವವನ ಮನೋಧರ್ಮಕ್ಕೆ ಸಂಬಂಧಿಸಿದ್ದು. ಇದೇ ಎಲ್ಲಕ್ಕಿಂತ ಕಠಿಣ. ತನ್ನ ಕಥೆಯನ್ನು ತಾನು ಹೇಳುವವನು ಅರಿಯದೆಯೇ ತನ್ನನ್ನು ನಾಯಕನನ್ನಾಗಿ ಮಾಡಿಕೊಳ್ಳುತ್ತಾನೆ. ಶಿವರಾಮ ಕಾರಂತರು 1948ರಲ್ಲಿ ಪ್ರಕಟವಾದ ತಮ್ಮ ಆತ್ಮಕಥೆಗೆ 'ಹುಚ್ಚು ಮನಸ್ಸಿನ ಹತ್ತು ಮುಖಗಳು' ಎಂದು ಹೆಸರಿಟ್ಟರು. ತನ್ನ ಮನಸ್ಸನ್ನು ತಾನೇ ಹುಚ್ಚೆಂದು ಕರೆದುಕೊಳ್ಳಬಲ್ಲವನಿಗೆ ಮಾತ್ರ ತನ್ನ ಸೋಲನ್ನು ನೇರವಾಗಿ ಹೇಳುವ ಧೈರ್ಯ ಬಂದೀತು.

ಈ ಅಳತೆಗೋಲನ್ನು ನನ್ನ ಕಥೆಗೆ ಹಿಡಿದಾಗ ಬಹಳ ನಾಚಿಕೆಯಾಯಿತು. ಅಲ್ಲಿ ಮಗ ಪ್ರತಿಜ್ಞೆ ಮಾಡುತ್ತಾನೆಂದು ಮೊದಲೇ ಹೇಳಿದೆನಷ್ಟೆ. ವಾಸ್ತವವಾಗಿ ಆ ದಿನ ನಾನು ಯಾವ ಪ್ರತಿಜ್ಞೆಯನ್ನೂ ಮಾಡಲಿಲ್ಲ. ಬಸ್ಸಿನಲ್ಲಿ ನನ್ನ ಪರಿಚಯದ ಹುಡುಗರಿದ್ದರು. ತಂದೆಯ ತೊಡೆಯ ಮೇಲಿನ ಹಗ್ಗದಿಂದ ದನದ ವಾಸನೆ ಬರುತ್ತಿತ್ತು. ನಾನು ಎದ್ದು ಎರಡು ಸೀಟು ಹಿಂದಕ್ಕೆ ಹೋಗಿ, ಅವರ ಗುರುತಿಲ್ಲದವನಂತೆ ಕಿಟಕಿಯ ಹೊರಗೆ ನೋಡುತ್ತ ಕುಳಿತೆ. ಈ ಸಂಗತಿಯನ್ನು ಮುಚ್ಚಿಡುವುದಕ್ಕಾಗಿಯೇ ನಾನು ಅಷ್ಟೊಂದು ಕಣ್ಣೀರನ್ನು ಕಥೆಯಲ್ಲಿ ಸುರಿಸಿದ್ದೆನೆಂದು ಈಗ ತಿಳಿಯುತ್ತದೆ.

ಇನ್ನೊಂದು ಮಾತು. ನಮ್ಮ ಕಾಲೇಜಿನಲ್ಲಿ ಓದುತ್ತಿರುವ ಎಷ್ಟೋ ಮಂದಿ ನನ್ನಂತೆ ಮನೆಯಲ್ಲಿ ಮೊದಲ ಬಾರಿಗೆ ಪದವಿ ತರಗತಿಯ ಮೆಟ್ಟಿಲು ಹತ್ತಿದವರು. ನಾವು ಯಾರನ್ನು ಕುರಿತು ಬರೆಯುತ್ತೇವೆಯೋ ಅವರಲ್ಲಿ ಅನೇಕರಿಗೆ ನಮ್ಮ ಬರಹವನ್ನು ಓದಲು ಬಾರದು. ತಪ್ಪು ಬರೆದರೆ ಅವರು ಪತ್ರ ಬರೆದು ಪ್ರತಿಭಟಿಸಲಾರರು. ಆದುದರಿಂದ ನಮ್ಮ ಹೊಣೆ ಇಮ್ಮಡಿಯಾದದ್ದು. ಬರೆದದ್ದನ್ನು ಅವರ ಮುಂದೆ ಗಟ್ಟಿಯಾಗಿ ಓದುವುದು ಒಳ್ಳೆಯ ಪದ್ಧತಿಯೆಂದು ನನ್ನ ಅನುಭವ. ಹುಸಿಯಾದ ವಾಕ್ಯ ಅವರೆದುರಿನಲ್ಲಿ ಬಾಯಿಂದ ಹೊರಡುವುದೇ ಇಲ್ಲ.

ಈ ವರ್ಷ ಆ ಕಥೆಯನ್ನು ಮತ್ತೆ ಬರೆದಿದ್ದೇನೆ. ಕಣ್ಣೀರೂ ಪ್ರತಿಜ್ಞೆಯೂ ಹೋಗಿ ಹಗ್ಗವೂ ಹಿಂದಿನ ಸೀಟೂ ಬಂದಿವೆ. ದೀಪಾವಳಿಯ ರಜೆಯಲ್ಲಿ ತಂದೆಯವರಿಗೆ ಓದಿ ಹೇಳಿದೆ. ಹಿಂದಿನ ಸೀಟಿನ ಭಾಗ ಬಂದಾಗ ನನ್ನ ದನಿ ತಡವರಿಸಿತು. ಅವರು ತಲೆ ಎತ್ತಲಿಲ್ಲ. ಓದಿ ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಎತ್ತಿಗೆ ಹೆಸರಿರ್ನಿಲ್ವೇನ್ಲಾ? ಅದ್ಯಾಕೆ ಬರೀನಿಲ್ಲ?" ಎಂದು ಕೇಳಿದರು.

ಅಷ್ಟು ವರ್ಷ ದಿನವೂ ಕೂಗಿ ಕರೆದಿದ್ದ ಹೆಸರುಗಳು ನನಗೆ ಹೊಳೆದೇ ಇರಲಿಲ್ಲ. ಅವನ್ನು ಈಗ ಸೇರಿಸಿದ್ದೇನೆ. ಕಲಿಯುವುದು ಇನ್ನೂ ಬಹಳವಿದೆ. ಈ ಬರಹದಲ್ಲಿ ಲೋಪಗಳಿದ್ದರೆ ಗುರುಹಿರಿಯರು ತಿದ್ದಬೇಕೆಂದು ಬೇಡುತ್ತೇನೆ.