ಬಂದದ್ದು ಕಂಡಿತು, ಹೋದದ್ದು ಕಾಣಲಿಲ್ಲ



ಈ ಹೊತ್ತು ನಾನು ಗೊಬ್ಬರದ ಮಾತನ್ನಾಗಲಿ, ಕೀಟದ ಮಾತನ್ನಾಗಲಿ ಎತ್ತುವುದಿಲ್ಲ. ಸುಗ್ಗಿಯಲ್ಲಿ ಮನೆಗೆ ಬಂದ ದುಡ್ಡು ಮುಂಗಾರಿನ ವೇಳೆಗೆ ಎಲ್ಲಿ ಹೋಗುತ್ತದೆ ಎಂಬ ವಿಚಾರ ಮಾತನಾಡೋಣ. ಇದು ಹೆಂಗಸರು ಗಂಡಸರು ಇಬ್ಬರೂ ಕೂತು ಕೇಳಬೇಕಾದ ಮಾತು. ಒಬ್ಬರೇ ಕೇಳಿದರೆ ಅರ್ಧ ಪ್ರಯೋಜನ.

ತುಮಕೂರು ಸೀಮೆಯ ಒಂದು ಹಳ್ಳಿಗೆ ಜೂನ್ ತಿಂಗಳಲ್ಲಿ ಬಿತ್ತನೆ ನೋಡಲು ಹೋಗಿದ್ದೆ. ಮೂರು ಎಕರೆ ಖುಷ್ಕಿಯ ಮನೆ. ಹಿಂದಿನ ವರ್ಷ ರಾಗಿ ಚೆನ್ನಾಗಿ ಆಗಿತ್ತು, ತೊಗರಿಯೂ ಎರಡು ಮೂಟೆ ಬಂದಿತ್ತು. ಆದರೂ ಆ ಮನೆಯ ತಾಯಿಯ ಕಿವಿ ಬರಿದಾಗಿತ್ತು. ಗೊಬ್ಬರ ತರಲೆಂದು ಓಲೆಯನ್ನು ಅಡವಿಟ್ಟು 10,000 ರೂಪಾಯಿ ತಂದಿದ್ದರು. "ಏನ್ ಮಾಡೋದು ಸ್ವಾಮಿ, ದುಡ್ಡು ಬಂದದ್ದು ಕಾಣ್ತು, ಹೋದದ್ದು ಕಾಣ್ಲಿಲ್ಲ" ಎಂದರು ಯಜಮಾನರು. ಕುಡಿತವಿಲ್ಲ, ಜೂಜಿಲ್ಲ, ಆ ವರ್ಷ ಮದುವೆ ಮುಂಜಿ ಏನೂ ನಡೆದಿಲ್ಲ. ಕೃಷಿ ಡಿಪ್ಲೊಮಾದಲ್ಲಿ ನನಗೆ ಮಣ್ಣು ಕಲಿಸಿದರು, ಬೆಳೆ ಕಲಿಸಿದರು. ಓಲೆ ಅಡವಿಟ್ಟ ಮನೆಗೆ ಏನು ಹೇಳಬೇಕೆಂಬುದನ್ನು ಕಲಿಸಿರಲಿಲ್ಲ. ನಾನು ಹೇಳಿದ್ದು ಒಂದೇ ಮಾತು: "ಒಂದು ತಿಂಗಳು ಬರೆದಿಡಿ. ಯಾವುದನ್ನೂ ಕಡಿಮೆ ಮಾಡಬೇಡಿ, ಸುಮ್ಮನೆ ಬರೆಯಿರಿ."

ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಅವರ ಮಗಳು ದಿನವೂ ಬರೆದಳು. ತಿಂಗಳು ಕಳೆದ ಮೇಲೆ ಮೂವರೂ ಕೂತು ಆ ಖರ್ಚನ್ನು ಮೂರು ಗುಡ್ಡೆ ಮಾಡಿದೆವು. ಒಂದು, ಕೊಳ್ಳಲೇಬೇಕಾದದ್ದು: ಉಪ್ಪು, ಬೆಲ್ಲ, ಔಷಧಿ, ಸ್ಕೂಲಿನ ಖರ್ಚು. ಎರಡು, ನಮ್ಮ ಹೊಲ ಹಿತ್ತಲೇ ಕೊಡಬಹುದಾದದ್ದು: ಬೇಳೆ, ಸೊಪ್ಪು, ತರಕಾರಿ, ಮೆಣಸಿನಕಾಯಿ. ಮೂರು, ಅಭ್ಯಾಸಬಲದಿಂದ ಕೊಂಡದ್ದು: ಬೀಡಿ, ಹೋಟೆಲಿನ ಟೀ, ಬಿಸ್ಕತ್ತು, ಒಂದೊಂದೇ ಸಣ್ಣ ಪೊಟ್ಟಣದ ಸೋಪಿನ ಪುಡಿ. ಎರಡನೆಯ ಗುಡ್ಡೆ ಮೊದಲನೆಯದಕ್ಕಿಂತ ದೊಡ್ಡದಾಗಿತ್ತು. ಯಜಮಾನರು ಬಹಳ ಹೊತ್ತು ಮಾತಾಡಲಿಲ್ಲ.

ಬಾಂಧವರೇ, ಮನೆಯ ದುಡ್ಡು ಒಡೆದ ಕೆರೆಯ ಹಾಗೆ ಒಂದೇ ದಿನ ಹರಿದು ಹೋಗುವುದಿಲ್ಲ. ಸೋರುವ ಮಡಕೆಯ ಹಾಗೆ ಹೋಗುತ್ತದೆ. ಎಲ್ಲಿ ಸೋರುತ್ತದೆ ಎಂಬುದನ್ನು ಒಂದೊಂದಾಗಿ ನೋಡೋಣ.

ಮೊದಲನೆಯ ಸೋರಿಕೆ, ಮಾರಿದ್ದನ್ನೇ ಮತ್ತೆ ಕೊಳ್ಳುವುದು. ಆ ಮನೆಯವರು ಸಂಕ್ರಾಂತಿಗೆ ತೊಗರಿಯನ್ನೆಲ್ಲ ಮಾರಿದ್ದರು. ಏಕೆಂದು ಕೇಳಿದರೆ, "ಇಟ್ಟರೆ ಹುಳ ಬೀಳ್ತದೆ" ಎಂದರು. ಯುಗಾದಿಯಿಂದಾಚೆಗೆ ಅಂಗಡಿಯಿಂದ ಬೇಳೆ ತಂದರು. ನಾವು ಮಾರುವ ಬೆಲೆಗೂ ಕೊಳ್ಳುವ ಬೆಲೆಗೂ ನಡುವೆ ಲಾರಿ ಬಾಡಿಗೆ, ದಲ್ಲಾಳಿ, ಗಿರಣಿ, ಅಂಗಡಿ ಎಲ್ಲರ ಪಾಲೂ ಸೇರಿರುತ್ತದೆ. ಅಷ್ಟನ್ನೂ ತೆರುವವರು ತೊಗರಿ ಬೆಳೆದವರೇ ಆದರೆ ಹೇಗೆ?

ಲೆಕ್ಕ ಹಾಕಿ. ಐದು ಜನರ ಮನೆಗೆ ದಿನಕ್ಕೆ 150 ಗ್ರಾಂ ಬೇಳೆಯೆಂದರೆ ವರ್ಷಕ್ಕೆ ಸುಮಾರು 55 ಕಿಲೋ ಆಯಿತು. ಸಿಪ್ಪೆ, ನುಚ್ಚು ಕಳೆದರೂ 80 ಕಿಲೋ ತೊಗರಿ ಎತ್ತಿಟ್ಟುಕೊಂಡರೆ ವರ್ಷದ ಸಾರಿಗೆ ಸಾಲುತ್ತದೆ. ಉಳಿದದ್ದನ್ನು ಮಾರಿರಿ, ಯಾರೂ ಬೇಡವೆನ್ನುವುದಿಲ್ಲ.

ಹುಳದ ಭಯಕ್ಕೆ ಉಪಾಯವಿದೆ. ಕಾಳನ್ನು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಬೇಕು. ಹಲ್ಲಿನಲ್ಲಿ ಕಚ್ಚಿದರೆ ಕಟಕ್ಕೆಂದು ಒಡೆಯಬೇಕು, ಮೆತ್ತಗೆ ಜಜ್ಜಿಕೊಳ್ಳಬಾರದು. ಆರಿದ ಮೇಲೆ ಒಂದು ಕಿಲೋ ಕಾಳಿಗೆ 5 ಮಿಲಿ ಲೀಟರ್, ಅಂದರೆ ಒಂದು ಟೀ ಚಮಚೆಯಷ್ಟು, ಅಡುಗೆ ಎಣ್ಣೆಯನ್ನು ಎಲ್ಲ ಕಾಳಿಗೂ ತಾಗುವಂತೆ ಸವರಿ ಇಡಬೇಕು. 80 ಕಿಲೋ ತೊಗರಿಗೆ ಅರ್ಧ ಲೀಟರ್ ಎಣ್ಣೆಯೂ ಬೇಡ. ಕಾಳುಹುಳ ಕಾಳಿನ ಮೈಮೇಲೆ ಮೊಟ್ಟೆ ಇಡುತ್ತದೆ. ಎಣ್ಣೆಯ ತೆಳು ಪೊರೆಯಿಂದ ಮೊಟ್ಟೆಗೆ ಗಾಳಿಯಾಡದೆ ಅದು ಸಾಯುತ್ತದೆ. ವಿಷವಲ್ಲವಾದ್ದರಿಂದ ತಿನ್ನುವ ಕಾಳಿಗೂ ಇದು ಸರಿಯೇ. ನಮ್ಮ ಹಿರಿಯರು ಕೆಮ್ಮಣ್ಣು ಕಟ್ಟಿ ಇಡುತ್ತಿದ್ದರಲ್ಲ, ಅದೂ ಒಳ್ಳೆಯದೇ. ಇನ್ನೊಂದು ಮಾತು: ಈ ಹುಳಕ್ಕೆ ಇಡೀ ಕಾಳು ಇಷ್ಟ, ಒಡೆದ ಬೇಳೆಯಲ್ಲಿ ಅದರ ಕಾಟ ಕಡಿಮೆ. ಸುಗ್ಗಿ ಮುಗಿದೊಡನೆ ಬೇಳೆ ಮಾಡಿ, ಚೆನ್ನಾಗಿ ಒಣಗಿಸಿ ಡಬ್ಬಿಯಲ್ಲಿ ಭದ್ರವಾಗಿ ಮುಚ್ಚಿಟ್ಟುಕೊಳ್ಳಬಹುದು.

ಎರಡನೆಯ ಸೋರಿಕೆ, ಬಿಟ್ಟುಹೋದ ಅಕ್ಕಡಿ. ಹಿಂದೆ ರಾಗಿ ಹೊಲದಲ್ಲಿ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಹರಳು ಎಲ್ಲವೂ ಸಾಲಿನಲ್ಲಿ ಇರುತ್ತಿದ್ದವು. ಒಂದೇ ಹೊಲದಿಂದ ಮುದ್ದೆಯೂ ಸಾರೂ ಬರುತ್ತಿತ್ತು. ಈಗ ಕೆಲವರು ಬರೀ ರಾಗಿ ಬಿತ್ತಿ ಮಿಕ್ಕದ್ದಕ್ಕೆಲ್ಲ ಅಂಗಡಿಯನ್ನು ನೆಚ್ಚಿಕೊಂಡಿದ್ದಾರೆ. ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಹಾಕಿರಿ. ರಾಗಿಗೆ ಮಳೆ ಕೈಕೊಟ್ಟರೂ ಆಳವಾಗಿ ಬೇರು ಬಿಡುವ ತೊಗರಿ ಸ್ವಲ್ಪವಾದರೂ ಕೈಗೆ ಹತ್ತುತ್ತದೆ. ಹಿತ್ತಲಿನಲ್ಲಿ ಒಂದು ನುಗ್ಗೆ, ಒಂದು ಕರಿಬೇವು, ನಾಲ್ಕು ಬದನೆ ಗಿಡ, ಒಂದು ಕುಂಬಳದ ಬಳ್ಳಿ ಇರಲಿ. ಬಚ್ಚಲ ನೀರು ಬೀದಿಗೆ ಹರಿದು ಸೊಳ್ಳೆ ಸಾಕುವ ಬದಲು ಬಾಳೆಯ ಬುಡಕ್ಕೋ ನುಗ್ಗೆಯ ಬುಡಕ್ಕೋ ಹೋಗಲಿ.

ಬೀಜದ ಖರ್ಚೂ ಇದರಲ್ಲೇ ಬಂತು. ಜಿ.ಪಿ.ಯು. 28, ಎಂ.ಎಲ್. 365 ಇಂಥ ರಾಗಿ ತಳಿಗಳ ಬೀಜವನ್ನು ಪ್ರತಿ ವರ್ಷವೂ ಕೊಳ್ಳಬೇಕಾಗಿಲ್ಲ. ಕೊಯ್ಲಿಗೆ ಮುಂಚೆ ಹೊಲದಲ್ಲಿ ಬೆರಕೆ ಇಲ್ಲದ, ರೋಗವಿಲ್ಲದ ಒಳ್ಳೆಯ ತೆನೆಗಳನ್ನು ಆರಿಸಿ ಬೇರೆಯಾಗಿ ಬಡಿದಿಟ್ಟುಕೊಂಡರೆ ಎರಡು ಮೂರು ವರ್ಷ ನಡೆಯುತ್ತದೆ. ಆದರೆ ಹೈಬ್ರಿಡ್ ಮುಸುಕಿನ ಜೋಳಕ್ಕೆ ಈ ಮಾತು ಹೊಂದುವುದಿಲ್ಲ. ಅದರ ಬೀಜ ಇಟ್ಟು ಬಿತ್ತಿದರೆ ಬೆಳೆ ಒಂದೇ ಸಮ ಬರುವುದಿಲ್ಲ, ಇಳುವರಿಯೂ ಬೀಳುತ್ತದೆ. ಉಳಿಸಲು ಹೋಗಿ ಕಳೆದುಕೊಂಡಂತಾಗುತ್ತದೆ.

ಮೂರನೆಯ ಸೋರಿಕೆಯೇ ದೊಡ್ಡದು, ಬಡ್ಡಿ. ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಎಂದರೆ ಕಿವಿಗೆ ಹಗುರ. 10,000 ರೂಪಾಯಿಗೆ ಅದು ತಿಂಗಳಿಗೆ 300, ವರ್ಷಕ್ಕೆ 3,600 ಆಗುತ್ತದೆ. ಕಿಸಾನ್ ಕ್ರೆಡಿಟ್ ಕಾರ್ಡಿನ ಬೆಳೆಸಾಲಕ್ಕೆ ನಿಗದಿಯಾದ ಬಡ್ಡಿ ವರ್ಷಕ್ಕೆ ಶೇಕಡಾ 7. ಗಡುವಿನೊಳಗೆ ಕಟ್ಟಿದವರಿಗೆ ಅದರಲ್ಲಿ 3 ಬಿಟ್ಟು ಶೇಕಡಾ 4 ಬೀಳುತ್ತದೆ. ಅದೇ 10,000ಕ್ಕೆ ವರ್ಷಕ್ಕೆ 400 ರೂಪಾಯಿ. ಎರಡರ ನಡುವೆ 3,200 ರೂಪಾಯಿ ಅಂತರ! ನಮ್ಮ ರಾಜ್ಯದ ಸಹಕಾರ ಸಂಘಗಳ ಮೂಲಕ ಕೊಡುವ ಬಡ್ಡಿಯಿಲ್ಲದ ಬೆಳೆಸಾಲದ ಮಿತಿಯನ್ನು 2023ರ ಬಜೆಟ್ಟಿನಲ್ಲಿ 3 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿಸಲಾಯಿತು. ಕಾರ್ಡಿನ ಮಿತಿ ಗೊತ್ತುಮಾಡುವಾಗ ಕೊಯ್ಲಿನ ನಂತರದ ಖರ್ಚು ಮತ್ತು ಮನೆಖರ್ಚಿಗೆಂದು ಶೇಕಡಾ 10 ಸೇರಿಸುವ ಪದ್ಧತಿಯೂ ಉಂಟು. ಇದನ್ನು ಬ್ಯಾಂಕಿನಲ್ಲಿ ಕೇಳಿ ತಿಳಿದುಕೊಳ್ಳಿ, ಸಂಕೋಚ ಬೇಡ. ಆದರೆ ಗಡುವು ಮೀರಿದರೆ ಈ ಅನುಕೂಲ ತಪ್ಪಿಹೋಗುತ್ತದೆ. ಆದುದರಿಂದ ರಾಗಿ ಮಾರಿದ ದಿನವೇ ಮೊದಲು ಸಾಲದ ಹಣ ಕಟ್ಟಿ, ಆಮೇಲೆ ಸಂತೆಗೆ ಹೋಗಿ.

ಅಂಗಡಿಯ ಉದ್ದರಿಯೂ ಒಂದು ಸಾಲವೇ. ಬಡ್ಡಿ ಪುಸ್ತಕದಲ್ಲಿ ಕಾಣಿಸದಿದ್ದರೂ ಸಾಮಾನಿನ ಬೆಲೆಯಲ್ಲಿ ಸೇರಿರಬಹುದು. ಉದ್ದರಿಯವರು ಬೆಲೆ ಕೇಳುವಂತಿಲ್ಲ, ಬೇರೆ ಅಂಗಡಿಗೆ ಹೋಗುವಂತಿಲ್ಲ. ಒಮ್ಮೆ ಬಾಕಿ ತೀರಿಸಿ ನಗದಿಗೆ ತಿಂಗಳ ಸಾಮಾನು ಒಟ್ಟಿಗೆ ತಂದು ನೋಡಿ, ವ್ಯತ್ಯಾಸ ನಿಮಗೇ ತಿಳಿಯುತ್ತದೆ.

ಮೂರನೆಯ ಗುಡ್ಡೆಯ ಬಗ್ಗೆ ನಾನು ಉಪದೇಶ ಮಾಡುವವನಲ್ಲ. ಬೀಡಿ, ಎಲೆಅಡಿಕೆ, ಹೋಟೆಲಿನ ಟೀ ಸೇರಿ ದಿನಕ್ಕೆ 20 ರೂಪಾಯಿ ಆದರೆ ವರ್ಷಕ್ಕೆ 7,300 ರೂಪಾಯಿ. ಇಷ್ಟು ಮಾತ್ರ ಹೇಳುತ್ತೇನೆ. ಉಳಿದದ್ದನ್ನು ಯಜಮಾನರು ಯೋಚಿಸಲಿ.

ತಾಯಂದಿರೇ, ಒಂದು ಎಚ್ಚರಿಕೆ. ಖರ್ಚು ಕಡಿಮೆ ಮಾಡಿ ಎಂದೊಡನೆ ಮೊದಲು ಕಡಿಮೆಯಾಗುವುದು ನಿಮ್ಮ ತಟ್ಟೆಯ ಊಟ. ಹಾಗೆ ಮಾಡಬೇಡಿ. ಹಾಲನ್ನೆಲ್ಲ ಡೈರಿಗೆ ಹಾಕಿ ಮಕ್ಕಳ ಕೈಗೆ ಬಿಸ್ಕತ್ತು ಕೊಡುವುದು ಉಳಿತಾಯವಲ್ಲ. ಕೂಸಿನ ಲೋಟ ತುಂಬಿದ ಮೇಲೆ ಡೈರಿಯ ಕ್ಯಾನು ತುಂಬಲಿ. ಮೊಟ್ಟೆ, ಔಷಧಿ, ಮಕ್ಕಳ ಓದು ಇವುಗಳಲ್ಲಿ ಕೈ ಬಿಗಿ ಮಾಡಬೇಡಿ. ಉಳಿಸಿದ ಹಣವನ್ನು ಸಾಸಿವೆ ಡಬ್ಬಿಯಲ್ಲಿ ಇಡದೆ ನಿಮ್ಮ ಸ್ತ್ರೀಶಕ್ತಿ ಸಂಘದಲ್ಲೋ ಅಂಚೆ ಕಚೇರಿಯಲ್ಲೋ ಕಟ್ಟಿರಿ. ಕೈಗೆ ಸುಲಭವಾಗಿ ಸಿಗುವ ದುಡ್ಡು ಅಷ್ಟೇ ಸುಲಭವಾಗಿ ಖರ್ಚಾಗುತ್ತದೆ.

ಇನ್ನು ಆ ಮನೆಯ ವಿಚಾರ. ಮುಂದಿನ ಸಂಕ್ರಾಂತಿಗೆ ರಾಗಿ ಮಾರಿ, ಏಳು ತಿಂಗಳ ಬಡ್ಡಿ 2,100 ರೂಪಾಯಿ ಸೇರಿಸಿ ಓಲೆ ಬಿಡಿಸಿಕೊಂಡರು. ಎರಡು ಡಬ್ಬ ತೊಗರಿಗೆ ಎಣ್ಣೆ ಸವರಿ ಇಟ್ಟರು. ಸಂಘದಲ್ಲಿ ಸದಸ್ಯರಾದರು. ಮತ್ತೆ ಜೂನ್ ತಿಂಗಳಲ್ಲಿ ಹೋದಾಗ ಮನೆಯೇನೂ ಬದಲಾಗಿರಲಿಲ್ಲ, ಅದೇ ಹೆಂಚು, ಅದೇ ಜಗುಲಿ. ಗೋಡೆಗೆ ಹೊಸ ಕ್ಯಾಲೆಂಡರು, ಅದರ ಹಿಂಬದಿಯಲ್ಲಿ ಮಗಳ ಅಕ್ಷರ. ಆ ತಾಯಿ ಮಜ್ಜಿಗೆ ತಂದುಕೊಟ್ಟು, "ಈ ಸಾರಿ ಬಿತ್ತನೆಗೆ ಕಿವಿಯಲ್ಲೇ ಐತೆ, ನೋಡಿ ಸಾರ್" ಎಂದು ನಕ್ಕರು.

ಹನಿ ಹನಿಗೂಡಿದರೆ ಹಳ್ಳವೆಂದು ನಾವೆಲ್ಲರೂ ಹೇಳುತ್ತೇವೆ. ಹನಿ ಹನಿಯಾಗಿ ಸೋರಿದರೆ ಹಳ್ಳವೂ ಬತ್ತುತ್ತದೆ ಎಂಬುದನ್ನು ಮರೆಯುತ್ತೇವೆ. ಈ ರಾತ್ರಿ ಊಟವಾದ ಮೇಲೆ ಒಂದು ಹಾಳೆ, ಒಂದು ಪೆನ್ಸಿಲ್ ತೆಗೆದುಕೊಂಡು ಇವತ್ತಿನ ಖರ್ಚನ್ನು ಬರೆಯಿರಿ. ಮನೆಯಲ್ಲಿ ಓದುವ ಮಗುವಿದ್ದರೆ ಅದರ ಕೈಯಲ್ಲೇ ಬರೆಸಿರಿ. ತಿಂಗಳು ತುಂಬಿದ ಮೇಲೆ ಮೂರು ಗುಡ್ಡೆ ಮಾಡಿ ನೋಡಿ.