ಬಲಿಯ ಕುಣಿತಕ್ಕೆ ಮತ್ತೆ ಮತ್ತೆ ಹೆಜ್ಜೆ

1913ರ ಮೇ 29ರಂದು ಪ್ಯಾರಿಸ್ಸಿನಲ್ಲಿ ನಿಜಿನ್‌ಸ್ಕಿ ನೃತ್ಯ ಸಂಯೋಜಿಸಿದ ‘ದಿ ರೈಟ್ ಆಫ್ ಸ್ಪ್ರಿಂಗ್’ ರಂಗವೇರಿದಾಗ ಎದ್ದ ಗದ್ದಲದ ಕಥೆ ಪ್ರಸಿದ್ಧ. ಗದ್ದಲ ಎಬ್ಬಿಸಿದ ಕುಣಿತ ಮಾತ್ರ ಕಳೆದುಹೋಯಿತು. ವಸಂತ ಬರಲೆಂದು ಹುಡುಗಿಯೊಬ್ಬಳು ಸಾಯುವವರೆಗೆ ಕುಣಿಯುವ ಈ ಬ್ಯಾಲೆ ಕೆಲವೇ ಪ್ರದರ್ಶನಗಳಿಗೆ ನಿಂತಿತು. 1920ರಲ್ಲಿ ಅದನ್ನು ಮೊದಲು ಆಡಿದ ತಂಡವೇ ಮತ್ತೆ ಕೈಗೆತ್ತಿಕೊಂಡಾಗ ಹಳೆಯ ಹೆಜ್ಜೆ ಯಾರಿಗೂ ಸರಿಯಾಗಿ ನೆನಪಿಲ್ಲದೆ ಮಾಸೀನ್ ಹೊಸದಾಗಿ ಸಂಯೋಜಿಸಿದರು. ಸ್ಟ್ರಾವಿನ್‌ಸ್ಕಿಯವರ ಸಂಗೀತ ಕಾಗದದಲ್ಲಿ ಉಳಿದಿತ್ತು. ನಿಕೊಲಸ್ ರೋರಿಕ್ ಬರೆದ ರಂಗಚಿತ್ರಗಳೂ ಉಳಿದಿದ್ದವು. ಕುಣಿತಕ್ಕೆ ಆ ಅನುಕೂಲವಿಲ್ಲ. ಆದ್ದರಿಂದ ಅದರ ಚರಿತ್ರೆಯನ್ನು ಓದಿ ಹುಡುಕಿದರೆ ಸಾಲದು, ಕುಣಿದೂ ಹುಡುಕಬೇಕು ಎಂಬುದು ನನ್ನ ವಾದ.

ಅಮೆರಿಕದ ನೃತ್ಯ ಸಂಯೋಜಕಿ ಮಿಲಿಸೆಂಟ್ ಹಾಡ್ಸನ್, ಕಲಾ ಇತಿಹಾಸಕಾರ ಕೆನೆತ್ ಆರ್ಚರ್ ಜೊತೆಗೂಡಿ ಮಾಡಿದ್ದು ಅದನ್ನೇ. ನಿಜಿನ್‌ಸ್ಕಿಯವರಿಗೆ ನೆರವಾಗಿದ್ದ ಮಾರಿ ರಾಂಬೆರ್ ಅವರ ಟಿಪ್ಪಣಿ, ಚಿತ್ರಗಾರ್ತಿ ವ್ಯಾಲೆಂಟೀನ್ ಗ್ರಾಸ್ ಗೀಚಿದ ರೇಖಾಚಿತ್ರ, ಅಂದಿನ ವಿಮರ್ಶೆಗಳನ್ನು ಜೋಡಿಸಿ 1987ರಲ್ಲಿ ಜಾಫ್ರಿ ಬ್ಯಾಲೆ ತಂಡಕ್ಕಾಗಿ ಮೂಲವನ್ನು ಮರುಕಟ್ಟಿದರು. ಪಾದಗಳನ್ನು ಹೊರಕ್ಕೆ ತಿರುಗಿಸುವುದು ಬ್ಯಾಲೆಯ ಅಡಿಪಾಯ. ನಿಜಿನ್‌ಸ್ಕಿ ಒಳಕ್ಕೆ ತಿರುಗಿಸಿದ್ದರು. ಹಾಗೆ ನಿಂತು ನೆಲಕ್ಕಪ್ಪಳಿಸುವಂತೆ ಜಿಗಿದಾಗ, 1913ರ ನರ್ತಕರು ಏಕೆ ಗೊಣಗಿದರೆಂದು ಮಂಡಿಗೇ ತಿಳಿಯುತ್ತದೆ. ಯಾವ ವಿಮರ್ಶೆ ಓದಿದರೂ ಇಷ್ಟು ಗೊತ್ತಾಗದು. ಇದು ಮೂಲವಲ್ಲ, ಸಂದುಗಳನ್ನು ಕಲ್ಪನೆಯಿಂದ ತುಂಬಲಾಗಿದೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಸವೆದ ಶಾಸನ ಓದುವವರೂ ಊಹಿಸುತ್ತಾರೆ. ಊಹೆಗೆ ಏನು ಆಧಾರವೆಂದು ಅವರು ತೋರಿಸಬೇಕು, ಅಷ್ಟೆ. ಹಾಡ್ಸನ್ ತಮ್ಮ ಆಧಾರಗಳನ್ನು ಪುಸ್ತಕವಾಗಿಯೇ ಪ್ರಕಟಿಸಿದರು.

1975ರಲ್ಲಿ ಜರ್ಮನಿಯ ವುಪರ್ಟಾಲ್‌ನಲ್ಲಿ ಇದೇ ಬ್ಯಾಲೆಯನ್ನು ಹೊಸದಾಗಿ ಸಂಯೋಜಿಸಿದ ಪೀನಾ ಬೌಶ್ ಮೂಲದ ಗೊಡವೆಗೇ ಹೋಗಲಿಲ್ಲ. ರಂಗದ ತುಂಬ ಮಣ್ಣು ಹರಡಿದರು. ಕೆಂಪು ಉಡುಪೊಂದು ಹೆಂಗಸರ ಕೈಯಿಂದ ಕೈಗೆ ದಾಟುತ್ತದೆ. ಕೊನೆಗೆ ಅದನ್ನು ತೊಟ್ಟವಳು ಸಾಯಬೇಕು. ಇದರಲ್ಲಿ ಚರಿತ್ರೆ ಎಲ್ಲಿದೆ ಎಂದು ಕೇಳಬಹುದು. 1913ರ ಹೆಜ್ಜೆಯ ಬಗ್ಗೆ ಬೌಶ್ ಸಾಕ್ಷಿ ಹೇಳಲಾರರು, ನಿಜ. ಆದರೆ ಬಲಿ ಹೆಣ್ಣೇ ಏಕಾಗಬೇಕು, ಆರಿಸುವವರು ಯಾರು ಎಂಬ ಪ್ರಶ್ನೆಯನ್ನು ಅವರ ಕೃತಿ ಮುಂದಿಡುತ್ತದೆ. ಅದನ್ನು ನೋಡಿದವರಿಗೆ ಹಾಡ್ಸನ್ ಕಟ್ಟಿದ ಬ್ಯಾಲೆಯಲ್ಲಿ ಹುಡುಗಿಯನ್ನು ಸುತ್ತುವರಿದ ಹಿರಿಯರು ಬೇರೆಯಾಗಿ ಕಾಣುತ್ತಾರೆ. ಹೊಸದೆಲ್ಲ ಹೀಗೆ ಹಳೆಯದನ್ನು ಕೆದಕುತ್ತದೆಂದಲ್ಲ. ಹೆಸರು, ಸಂಗೀತಗಳನ್ನಷ್ಟೇ ಎರವಲು ಪಡೆದ ಕೃತಿಗಳಿಗೂ ಬರವಿಲ್ಲ. ಈಗ ಬೌಶ್ ಅವರ ಕೃತಿಯೇ ಚರಿತ್ರೆಯಾಗಿದೆ. 2020ರಲ್ಲಿ ಸೆನೆಗಲ್‌ನಲ್ಲಿ ಆಫ್ರಿಕಾದ ಹಲವು ದೇಶಗಳ ನರ್ತಕರು ಅದನ್ನು ಕಲಿತರು. ಕೃತಿಯ ವೀಡಿಯೊ ಇದ್ದರೂ, ಕಲಿಸಲು ಬೌಶ್ ತಂಡದಲ್ಲಿ ಕುಣಿದವರೇ ಅಲ್ಲಿಗೆ ಹೋಗಬೇಕಾಯಿತು.